ಗೂಡು ಕಾಣದಿದ್ರೆ ಬಿಡಿ, ಗಂಡು ಎಲ್ಲಿ ಕೂತಿದೆ ಅಂತ ಹುಡುಕಿ: ಬರ್ಕ್ಲಿ ಗೋಪುರದ ಪೆರೆಗ್ರಿನ್ ಜೋಡಿ

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಬರ್ಕ್ಲಿ ಹತ್ರ ಇರೋದು. ಯೂನಿವರ್ಸಿಟಿ ಕ್ಯಾಂಪಸ್ಸಿನ ಕ್ಯಾಂಪನೀಲಿ ಗೋಪುರದಲ್ಲಿ ಪೆರೆಗ್ರಿನ್ ಫಾಲ್ಕನ್ ಅನ್ನೋ ಬೇಟೆ ಹಕ್ಕಿಯ ಜೋಡಿ ಗೂಡು ಮಾಡುತ್ತೆ ಅಂತ ಕೇಳಿ ಮಾರ್ಚಲ್ಲಿ ಮಗಳನ್ನ ಕರ್ಕೊಂಡು ಹೋಗಿದ್ವಿ, ಕತ್ತು ನೋವು ಬಂತೇ ಹೊರತು ಹಕ್ಕಿ ಕಾಣಲಿಲ್ಲ. ಏಪ್ರಿಲ್ ಕೊನೆಗೆ ಅಮ್ಮ ಊರಿಂದ ಬರ್ತಾರೆ, ಜೂನ್ ತನಕ ಇರ್ತಾರೆ, ಅವರಿಗೂ ತೋರಿಸೋ ಆಸೆ. ಯಾವಾಗ ಹೋಗ್ಬೇಕು, ಎಲ್ಲಿ ನಿಲ್ಬೇಕು, ಏನು ನೋಡ್ಬೇಕು? ವೆಬ್‌ಕ್ಯಾಮ್ ಇರೋವಾಗ ಅಲ್ಲಿ ತನಕ ಹೋಗೋದು ಬೇಕಾ? ಮರಿ ಕೆಳಗೆ ಬಿದ್ದಿದ್ದು ಕಂಡ್ರೆ ಏನು ಮಾಡೋದು? ಪಾರಿವಾಳ ತಿನ್ನೋ ಹಕ್ಕಿಗೆ ಇಷ್ಟೊಂದು ಉಪಚಾರ ಯಾಕೆ ಅಂತ ಅಮ್ಮ ಫೋನಲ್ಲೇ ಕೇಳಿದ್ರು, ಅದಕ್ಕೂ ಉತ್ತರ ಕೊಡಿ. ಬೆಂಗಳೂರು ಕಡೆ ಇವು ಇದಾವಾ?

ಉತ್ತರ:

ನೀವು ಹೋಗಿದ್ದು ತಪ್ಪು ಟೈಮಲ್ಲ, ಆದ್ರೆ ಇಡೀ ವರ್ಷದಲ್ಲಿ ನೋಡೋಕೆ ಅತಿ ಕಷ್ಟದ ಟೈಮು. ಮಾರ್ಚಲ್ಲಿ ಅಲ್ಲಿ ಮೊಟ್ಟೆ ಇಟ್ಟು ಕಾವಿಗೆ ಕೂತಿರ್ತಾವೆ. ಎರಡರಲ್ಲಿ ಒಂದು ಹಕ್ಕಿ ಗೋಡೆ ಮರೆಯಲ್ಲಿ ಮೊಟ್ಟೆ ಮೇಲೆ, ಇನ್ನೊಂದು ಎಲ್ಲೋ ಕಲ್ಲಿನ ಅಂಚಲ್ಲಿ ಗಂಟೆಗಟ್ಟಲೆ ಅಲ್ಲಾಡದೆ ಕೂತಿರುತ್ತೆ, ಬೂದು ಕಲ್ಲಿನ ಮೇಲೆ ಬೂದು ಬೆನ್ನು, ಯಾರಿಗೆ ತಾನೇ ಕಾಣುತ್ತೆ? ಹೊಸಬರು ಹೆಚ್ಚಾಗಿ ಮಾಡೋದೇನಂದ್ರೆ ಗೂಡು ಎಲ್ಲಿದೆ ಅಂತ ಕೇಳ್ಕೊಂಡು ನೇರ ಅದರ ಬುಡಕ್ಕೇ ಹೋಗಿ ನಿಲ್ತಾರೆ. ಗೂಡು ಬಾಲ್ಕನಿ ಗೋಡೆ ಹಿಂದೆ ಇದೆ, ಕೆಳಗಿಂದ ಎಷ್ಟೇ ಹೊತ್ತು ನಿಂತ್ರೂ ಕಾಣಲ್ಲ, ಕಾಣಬೇಕಾಗೂ ಇಲ್ಲ. ನಾನು ಹೇಳೋದು ಒಂದೇ ಮಾತು, ಗೂಡನ್ನ ಮರೆತು ಜೋಡಿನ ಹಿಂಬಾಲಿಸಿ, ಅದ್ರಲ್ಲೂ ಗಂಡನ್ನ. ಗಂಡು ಎಲ್ಲಿ ಕೂತಿದೆ, ಯಾವ ಕಡೆ ಹೋಯ್ತು, ಏನು ಹಿಡ್ಕೊಂಡು ಬಂತು ಅನ್ನೋದು ಗೊತ್ತಾದ್ರೆ ಗೂಡೊಳಗೆ ಏನು ನಡೀತಿದೆ ಅಂತ ನೋಡ್ದೇನೇ ಹೇಳ್ಬಹುದು.

ಗೋಪುರದ ಎತ್ತರ 307 ಅಡಿ, ಹತ್ತಿರ ಹತ್ತಿರ 94 ಮೀಟರ್. ಬುಡದಲ್ಲಿ ನಿಂತ್ರೆ ಮೇಲಿನ ಅಂಚುಗಳೆಲ್ಲ ಒಂದಕ್ಕೊಂದು ಅಡ್ಡ ಬರ್ತಾವೆ, ಹಕ್ಕಿ ಹಾರಿದ್ರೂ ಎರಡು ಸೆಕೆಂಡಲ್ಲಿ ಗೋಪುರದ ಆ ಕಡೆ ಮಾಯ. ಅದಕ್ಕೇ ದೂರ ಹೋಗಿ. ಡೋ ಲೈಬ್ರರಿಯ ಉತ್ತರಕ್ಕೆ ಮೆಮೋರಿಯಲ್ ಗ್ಲೇಡ್ ಅಂತ ದೊಡ್ಡ ಹುಲ್ಲುಹಾಸು ಇದೆ, ಅಲ್ಲಿಂದ ಗೋಪುರದ ಮೇಲ್ಭಾಗ ಮತ್ತೆ ಸುತ್ತಲ ಆಕಾಶ ಎರಡೂ ಒಟ್ಟಿಗೆ ಕಾಣುತ್ತೆ, ಕತ್ತು ಕೂಡ ಅಷ್ಟು ಎತ್ತಬೇಕಾಗಿಲ್ಲ. ಮಧ್ಯಾಹ್ನ ದಾಟಿದ ಮೇಲೆ ಪಡುವಣದ ಬೆಳಕು ಗೋಪುರದ ಮುಖಕ್ಕೆ ಬಿದ್ದಾಗ ಇನ್ನೂ ಚೆನ್ನಾಗಿರುತ್ತೆ. ಅಮ್ಮನಿಗೆ ಒಂದು ಮಡಚೋ ಕುರ್ಚಿ ತಗೊಂಡು ಹೋಗಿ, ಮಗಳು ಬೇಕಾದ್ರೆ ಹುಲ್ಲಿನ ಮೇಲೆ ಅಂಗಾತ ಮಲ್ಕೊಂಡು ನೋಡ್ಲಿ, ಅದು ನಿಜಕ್ಕೂ ಒಳ್ಳೆ ವಿಧಾನ. 8x42 ಬೈನಾಕ್ಯುಲರ್ ಸಾಕು, ಸ್ಪಾಟಿಂಗ್ ಸ್ಕೋಪ್ (ಸ್ಟ್ಯಾಂಡ್ ಮೇಲೆ ನಿಲ್ಸೋ ದುರ್ಬೀನು) ಇರೋರು ಯಾರಾದ್ರೂ ಪಕ್ಕದಲ್ಲಿ ನಿಂತಿದ್ರೆ ಕೇಳಿ, ಈ ಹಕ್ಕಿ ನೋಡೋ ಜನ ತೋರಿಸೋಕೆ ಇಷ್ಟಪಡ್ತಾರೆ. ಸಾನ್ ಫ್ರಾನ್ಸಿಸ್ಕೋ ಕೊಲ್ಲಿ ಸುತ್ತಲ ಈ ಬೇ ಏರಿಯಾದಲ್ಲಿ ಜೂನಲ್ಲೂ ಬೆಳಗ್ಗೆ ಮಂಜು ಇರುತ್ತೆ, ಗೋಪುರದ ತುದಿಯೇ ಕಾಣದ ದಿನ ಇರ್ತಾವೆ, ಸ್ವೆಟರ್ ಮರೀಬೇಡಿ.

ಅಲ್ಲಿ ಕೂತ ತಕ್ಷಣ ಬೈನಾಕ್ಯುಲರನ್ನ ಆಕಾಶಕ್ಕೆ ಎತ್ತೋದು ಬೇಡ. ಮೊದಲು ಗೋಪುರದ ಅಂಚುಗಳನ್ನ ಒಂದೊಂದಾಗಿ ಮೇಲಿಂದ ಕೆಳಕ್ಕೆ ನೋಡ್ತಾ ಬನ್ನಿ: ತುದಿಯ ದೀಪದ ಗೂಡು, ಅದರ ಕೆಳಗಿನ ಇಳಿಜಾರು, ನಾಲ್ಕು ಮೂಲೆಯ ಚೂಪು ಕಂಬಗಳು, ಬಾಲ್ಕನಿಯ ಕಟ್ಟೆ. ಕಲ್ಲಿನ ಮೇಲೆ ಸುಣ್ಣ ಚೆಲ್ಲಿದ ಹಾಗೆ ಬಿಳಿ ಹಿಕ್ಕೆ ಸುರಿದಿರೋ ಜಾಗ ಇದ್ರೆ ಅದು ದಿನಾ ಕೂರೋ ಜಾಗ. ಪೆರೆಗ್ರಿನ್ನಿಗೆ ಇಷ್ಟದ ಕೂರೋ ಜಾಗಗಳು ಅಂತ ಕೆಲವು ಇರ್ತಾವೆ, ಮತ್ತೆ ಮತ್ತೆ ಅಲ್ಲಿಗೇ ಬರ್ತಾವೆ, ಒಮ್ಮೆ ನೀವು ಆ ನಾಲ್ಕೈದು ಜಾಗ ಗುರುತು ಹಾಕ್ಕೊಂಡ್ರೆ ಮುಂದಿನ ಸಲ ಹೋದಾಗ ಹಕ್ಕಿ ಹುಡುಕೋದು ನಿಮಿಷದ ಕೆಲಸ.

ಗುರುತು ಹಿಡಿಯೋದು ಹೇಗೆ ಅಂತ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ, ಯಾಕಂದ್ರೆ ಆ ಕ್ಯಾಂಪಸ್ ಮೇಲೆ ರೆಡ್ ಟೇಲ್ಡ್ ಹಾಕ್ (ಗಿಡುಗ), ಟರ್ಕಿ ವಲ್ಚರ್ (ರಣಹದ್ದು), ರೇವನ್ (ದೊಡ್ಡ ಕಾಗೆ) ಎಲ್ಲಾ ಸುತ್ತಾಡ್ತಾವೆ. ಅಗಲ ರೆಕ್ಕೆ ಬಿಚ್ಕೊಂಡು ಸೋಮಾರಿಯಾಗಿ ಸುತ್ತು ಹೊಡೀತಿದ್ರೆ ಅದು ರೆಡ್ ಟೇಲ್. ರೆಕ್ಕೆ ವಿ ಆಕಾರದಲ್ಲಿ ಎತ್ತಿಟ್ಕೊಂಡು ತೂಗಾಡ್ತಾ ಹೋದ್ರೆ ವಲ್ಚರ್. ಪೂರ್ತಿ ಕಪ್ಪು, ಬಾಲದ ತುದಿ ಬೆಣೆ ಥರ ಇದ್ರೆ ರೇವನ್. ಪೆರೆಗ್ರಿನ್ ರೆಕ್ಕೆ ತುದಿಯಲ್ಲಿ ಚೂಪು, ಎದೆ ದಪ್ಪ, ಬಾಲ ಗಿಡ್ಡ, ರೆಕ್ಕೆ ಬಡಿಯೋದು ಚಿಕ್ಕದಾಗಿ ಗಟ್ಟಿಯಾಗಿ, ಒಂದು ಕಡೆ ಹೋಗ್ಬೇಕು ಅಂತ ತೀರ್ಮಾನ ಮಾಡಿದ ಹಾಗೆ ನೇರ ಹೋಗುತ್ತೆ. ಕೂತಿದ್ರೆ ಕಣ್ಣಿನ ಕೆಳಗೆ ಕೆನ್ನೆ ಮೇಲೆ ಇಳಿದಿರೋ ದಪ್ಪ ಕಪ್ಪು ಪಟ್ಟೆ ನೋಡಿ, ಹುರಿಮೀಸೆ ಬಿಟ್ಟ ಹಾಗೆ ಕಾಣುತ್ತೆ. ದೊಡ್ಡವಕ್ಕೆ ಎದೆ ಕೆಳಗೆ ಅಡ್ಡ ಗೆರೆ, ಬೆನ್ನು ನೀಲಿ ಬೂದು. ಆ ವರ್ಷದ ಮರಿಗಳು ಕಂದು, ಎದೆ ಮೇಲೆ ಉದ್ದ ಗೆರೆ. ಹೆಣ್ಣು ಗಂಡಿಗಿಂತ ಗಮನಾರ್ಹವಾಗಿ ದೊಡ್ಡದು, ಎರಡೂ ಅಕ್ಕಪಕ್ಕ ಕೂತ್ರೆ ಯಾರಿಗಾದ್ರೂ ಗೊತ್ತಾಗುತ್ತೆ, ಒಂಟಿಯಾಗಿ ಕೂತಾಗ ಮೋಸ ಹೋಗ್ತೀವಿ.

ಇನ್ನೊಂದು, ಕಣ್ಣಿಗಿಂತ ಮೊದಲು ಕಿವಿ. ಗಂಡು ಬೇಟೆ ಹಿಡ್ಕೊಂಡು ದೂರದಿಂದ ಬರೋವಾಗ್ಲೇ ಕೂಗುತ್ತೆ, ಹೆಣ್ಣು ಗೂಡಿಂದ ಗೋಗರೆಯೋ ಥರ ಎಳೆದು ಎಳೆದು ಉತ್ತರ ಕೊಡುತ್ತೆ. ಬೇರೆ ಫಾಲ್ಕನ್ನೋ ರೆಡ್ ಟೇಲೋ ಹತ್ರ ಬಂದ್ರೆ ಕಟ್ಟಕಟ್ಟ ಕಟ್ಟಕಟ್ಟ ಅಂತ ಒರಟಾಗಿ ಬಿಡುವಿಲ್ಲದೆ ಕೂಗ್ತಾವೆ, ಅದು ಕೇಳಿಸಿದ್ರೆ ಮಾತು ನಿಲ್ಸಿ ತಲೆ ಎತ್ತಿ. ಪಾರಿವಾಳಗಳು ಇದ್ದಕ್ಕಿದ್ದ ಹಾಗೆ ಎಲ್ಲಾ ಕಟ್ಟಡದಿಂದ ಒಟ್ಟಿಗೆ ಎದ್ರೆ ಅದೂ ಒಂದು ಸುದ್ದಿನೇ. ಗೋಪುರದಲ್ಲಿ ಕ್ಯಾರಿಲಾನ್ ಅಂತ 61 ಲೋಹದ ಗಂಟೆ ಜೋಡಿಸಿದ ವಾದ್ಯ ಇದೆ, ಅದು ಬಾರಿಸಿದಾಗ ಹಕ್ಕಿ ಹೆದರಲ್ವಾ ಅಂತ ಮಗಳು ಕೇಳಬಹುದು. ಇಲ್ಲ, ಅಭ್ಯಾಸ ಆಗಿದೆ, ಅಷ್ಟು ಹತ್ರದಲ್ಲೇ ಮೊಟ್ಟೆ ಮೇಲೆ ಆರಾಮಾಗಿ ಕೂತಿರ್ತಾವೆ.

ಈಗ ಕ್ಯಾಲೆಂಡರ್. ಜನವರಿ ಫೆಬ್ರವರಿಯಲ್ಲಿ ಜೋಡಿ ಒಟ್ಟಿಗೆ ಹಾರಾಡೋದು, ಗಂಡು ಹೆಣ್ಣಿಗೆ ಬೇಟೆ ತಂದು ಕೊಡೋದು, ಎರಡೂ ಜಲ್ಲಿ ಮೇಲೆ ಬಗ್ಗಿ ತಲೆ ಆಡಿಸೋದು ನಡಿಯುತ್ತೆ. ಪೆರೆಗ್ರಿನ್ ಕಡ್ಡಿ ತಂದು ಗೂಡು ಕಟ್ಟೋ ಹಕ್ಕಿ ಅಲ್ಲ, ಜಲ್ಲಿನೋ ಮಣ್ಣನ್ನೋ ಎದೆಯಿಂದ ಒತ್ತಿ ಕಾಲಿಂದ ಕೆದಕಿ ಬೋಗುಣಿ ಥರ ತಗ್ಗು ಮಾಡ್ಕೊಳುತ್ತೆ ಅಷ್ಟೇ, ಬರೀ ಕಲ್ಲಿನ ಮೇಲಾದ್ರೆ ಮೊಟ್ಟೆ ಉರುಳಿ ಹೋಗುತ್ತೆ, ಹಾಗಾಗಿ ಅಲ್ಲಿ ಜಲ್ಲಿ ತುಂಬಿದ ಟ್ರೇ ಇಟ್ಟಿದ್ದಾರೆ. ಮಾರ್ಚಲ್ಲಿ ಸುಮಾರು ಎರಡೆರಡು ದಿನದ ಅಂತರದಲ್ಲಿ ಮೂರೋ ನಾಲ್ಕೋ ಮೊಟ್ಟೆ, ಇಟ್ಟಿಗೆ ಕೆಂಪು ಬಣ್ಣ. ಮೊದಲ ಮೊಟ್ಟೆ ಇಟ್ಟ ಕೂಡ್ಲೇ ಪೂರ್ತಿ ಕಾವು ಕೊಡಲ್ಲ, ಕೊನೆಯದ್ದೋ ಅದಕ್ಕಿಂತ ಹಿಂದಿನದ್ದೋ ಬಂದ ಮೇಲೆ ಗಟ್ಟಿಯಾಗಿ ಕೂರುತ್ತೆ, ಹಾಗಾಗಿ ಮರಿಗಳು ಹೆಚ್ಚುಕಮ್ಮಿ ಒಟ್ಟಿಗೇ ಹೊರಗೆ ಬರ್ತಾವೆ. ಕಾವು 33-34 ದಿನ. ಏಪ್ರಿಲ್ ಮಧ್ಯದಿಂದ ಕೊನೆ ಒಳಗೆ ಮರಿ ಆಗುತ್ತೆ, ಆರು ವಾರದ ಹೊತ್ತಿಗೆ ಅಂದ್ರೆ ಮೇ ಕೊನೆ, ಜೂನ್ ಮೊದಲ ವಾರದಲ್ಲಿ ಹಾರ್ತಾವೆ. ನಿಮ್ಮಮ್ಮ ಬರೋದು ಸರಿಯಾಗಿ ಆ ಟೈಮಿಗೆ, ಇದಕ್ಕಿಂತ ಒಳ್ಳೆ ತಿಂಗಳುಗಳೇ ಇಲ್ಲ.

ಮರಿ ಆದ ಮೇಲೆ ಏನು ಬದಲಾಗುತ್ತೆ ಅಂದ್ರೆ, ಗಂಡಿನ ಕೆಲಸ. ಮೊದಲ ಹತ್ತು ದಿನ ಮರಿಗೆ ಮೈ ಬಿಸಿ ಇಟ್ಕೊಳ್ಳೋ ಶಕ್ತಿ ಇಲ್ಲ, ಬಿಳಿ ನವಿರು ಅಷ್ಟೇ, ಹೆಣ್ಣು ಅವುಗಳ ಮೇಲೆ ಕೂತಿರ್ಬೇಕು. ಆವಾಗ ಹೆಣ್ಣು, ತಾನು, ಮೂರು ನಾಲ್ಕು ಮರಿ, ಇಷ್ಟು ಹೊಟ್ಟೆಗೆ ಒಬ್ಬನೇ ಬೇಟೆ ಆಡ್ಬೇಕು. ಬರ್ಕ್ಲಿ ಕಡಲ ತೀರಕ್ಕೆ ಹತ್ರ ಇರೋದ್ರಿಂದ ಪಾರಿವಾಳ, ಡವ್ ಜೊತೆಗೆ ಕೊಲ್ಲಿಯ ಕೆಸರಲ್ಲಿ ಮೇಯೋ ಉದ್ದ ಕೊಕ್ಕಿನ ಹಕ್ಕಿಗಳೂ ಗೂಡಿಗೆ ಬರ್ತಾವೆ. ಹೆಚ್ಚಾಗಿ ಪುಕ್ಕ ಕಿತ್ತು ತಲೆ ತೆಗೆದು ತರ್ತಾನೆ, ಮಿಕ್ಕಿದ್ದನ್ನ ಗೋಪುರದ ಯಾವುದೋ ಸಂದಿಯಲ್ಲಿ ಬಚ್ಚಿಟ್ಟು ಸಂಜೆಗೋ ನಾಳೆಗೋ ತೆಗೀತಾನೆ. ಹಾಗಾಗಿ ಬೇಟೆಗೆ ಹೋಗದೇನೇ ಹಕ್ಕಿ ಕಾಲಲ್ಲಿ ಮಾಂಸ ಕಂಡ್ರೆ ಆಶ್ಚರ್ಯ ಪಡ್ಬೇಡಿ.

ನೀವು ಕಾದು ನೋಡ್ಲೇಬೇಕಾದ್ದು ಬೇಟೆ ಕೈ ಬದಲಾಯಿಸೋದನ್ನ. ಪಶ್ಚಿಮದಿಂದ, ಕೊಲ್ಲಿ ಕಡೆಯಿಂದ ಒಂದು ಚುಕ್ಕೆ ಬರುತ್ತೆ, ರೆಕ್ಕೆ ಬಡಿತ ಎಂದಿಗಿಂತ ಭಾರ, ಬಾಲದ ಕೆಳಗೆ ಏನೋ ನೇತಾಡ್ತಿದೆ. ಕೂಗು ಕೇಳುತ್ತೆ. ಗೋಪುರದಿಂದ ಹೆಣ್ಣು ಅಂಚಿಂದ ಜಾರಿದ ಹಾಗೆ ಹೊರಗೆ ಬಿದ್ದು ಒಂದೇ ತಿರುವಲ್ಲಿ ಗಂಡಿನ ಕೆಳಗೆ ಬರುತ್ತೆ, ಗಂಡು ಕಾಲು ಕೆಳಗೆ ಇಳಿಬಿಡುತ್ತೆ, ಹೆಣ್ಣು ಹಾರ್ತಾ ಹಾರ್ತಾನೇ ಮಗ್ಗುಲಾಗಿ ಹೊಟ್ಟೆ ಮೇಲೆ ಮಾಡಿ ಕಾಲು ಚಾಚಿ ಕಸ್ಕೊಳುತ್ತೆ, ಕೆಲವೊಮ್ಮೆ ಗಂಡು ಬಿಟ್ಟುಬಿಡುತ್ತೆ ಹೆಣ್ಣು ಗಾಳಿಯಲ್ಲೇ ಹಿಡಿಯುತ್ತೆ. ಎಲ್ಲಾ ಸೇರಿ ಮೂರು ಸೆಕೆಂಡ್ ಇರಬಹುದು. ಆಮೇಲೆ ಗಂಡು ಖಾಲಿ ಕಾಲಲ್ಲಿ ಗೋಪುರದ ಸುತ್ತ ಒಂದು ಸುತ್ತು ಹಾಕಿ ತನ್ನ ಮೂಲೆಗೆ ಹೋಗಿ ಕೂತು ಕೊಕ್ಕು ಉಜ್ಜಿಕೊಳುತ್ತೆ. ಇದನ್ನ ನೋಡೋಕೆ ಕನಿಷ್ಠ ಎರಡು ಗಂಟೆ ಇಟ್ಕೊಂಡು ಹೋಗಿ, ಸೂರ್ಯ ಹುಟ್ಟಿದ ಮೇಲಿನ ಹೊತ್ತು ಇಲ್ಲಾ ಸಂಜೆ ನಾಲ್ಕರ ಮೇಲೆ. ಅರ್ಧ ಗಂಟೆಗೆ ಬೇಜಾರಾಗಿ ಎದ್ದು ಹೋದೋರಿಗೆ ಈ ಹಕ್ಕಿ ಏನೂ ಕೊಡಲ್ಲ.

ಮಗಳ ಕೈಗೆ ಒಂದು ನೋಟ್‌ಬುಕ್ ಕೊಡಿ. ಎಷ್ಟು ಗಂಟೆಗೆ ಯಾರು ಎಲ್ಲಿ ಕೂತಿದ್ರು, ಯಾವ ದಿಕ್ಕಿಗೆ ಹೋದ್ರು, ಎಷ್ಟು ಹೊತ್ತಿಗೆ ಬಂದ್ರು, ಕಾಲಲ್ಲಿ ಏನಿತ್ತು, ಅಷ್ಟು ಸಾಕು. ಎರಡು ಮೂರು ವಾರ ಬರೆದ್ರೆ ಯಾವ ಹೊತ್ತಿಗೆ ಊಟ ಬರುತ್ತೆ ಅಂತ ಮಗೂನೇ ನಿಮಗೆ ಹೇಳುತ್ತೆ.

ವೆಬ್‌ಕ್ಯಾಮ್ ಸಾಕಾ ಅಂತ ಕೇಳಿದ್ರಿ. 2019ರಿಂದ ಅಲ್ಲಿ ಕ್ಯಾಮೆರಾಗಳಿವೆ, ನೋಡ್ಲೇಬೇಕು, ಯಾಕಂದ್ರೆ ಗೂಡೊಳಗಿನ ಕೆಲವು ಸಂಗತಿ ಬೇರೆ ಯಾವ ರೀತಿಯಲ್ಲೂ ನಮಗೆ ಸಿಗಲ್ಲ. ಗಂಡು ಹೆಣ್ಣು ಪಾಳಿ ಬದಲಾಯಿಸೋವಾಗ ಕಾಲು ನೋಡಿ: ಪಾರಿವಾಳದ ಬೆನ್ನು ಸೀಳೋ ಅದೇ ಉಗುರುಗಳನ್ನ ಒಳಗೆ ಮಡಚಿ ಮುಷ್ಟಿ ಮಾಡ್ಕೊಂಡು, ಮುಷ್ಟಿ ಮೇಲೇ ಕುಂಟ್ತಾ ಕುಂಟ್ತಾ ಮೊಟ್ಟೆ ಹತ್ರ ಬರ್ತಾವೆ, ಒಂದು ಗೀರು ಬೀಳಬಾರದು ಅಂತ. ಆಮೇಲೆ ಎದೆ ಪುಕ್ಕ ಬಿಚ್ಚಿ ಎಡಕ್ಕೆ ಬಲಕ್ಕೆ ಮೈ ಆಡಿಸಿ ಆಡಿಸಿ ಮೊಟ್ಟೆ ಬರಿ ಚರ್ಮಕ್ಕೆ ತಾಗೋ ಹಾಗೆ ಕೂರ್ತಾವೆ. ಗಂಡು ಚಿಕ್ಕದಲ್ವಾ, ನಾಲ್ಕು ಮೊಟ್ಟೆ ಪೂರ್ತಿ ಮುಚ್ಚೋಕಾಗ್ದೆ ಮತ್ತೆ ಮತ್ತೆ ಎದ್ದು ಸರಿ ಮಾಡ್ಕೊಳೋದು ನೋಡಿದ್ರೆ ಪ್ರೀತಿ ಉಕ್ಕುತ್ತೆ. ರಾತ್ರಿ ಪಾಳಿ ಹೆಣ್ಣಿಂದೇ, ಹಗಲಲ್ಲಿ ಕೆಲವು ಗಂಟೆ ಗಂಡಿಂದು. ಆದ್ರೆ ಕ್ಯಾಮೆರಾ ಚೌಕಟ್ಟಿನ ಹೊರಗೆ ಒಂದು ಅಡಿ ಆಚೆ ಏನಾಗ್ತಿದೆ ಅಂತ ಅದು ತೋರಿಸಲ್ಲ. ಇವು ತಲೆ ಕೆಳಗಾಗಿ ಧುಮುಕೋವಾಗ ಗಂಟೆಗೆ 300 ಕಿಲೋಮೀಟರ್ ದಾಟೋ ಹಕ್ಕಿ, ಭೂಮಿ ಮೇಲಿನ ಅತಿ ವೇಗದ ಪ್ರಾಣಿ, ಅದನ್ನ ಟ್ರೇಯಲ್ಲಿ ಕೂತಿದ್ದು ಮಾತ್ರ ನೋಡಿ ಮುಗಿಸಿದ್ರೆ ಅನ್ಯಾಯ. ನನ್ನ ಸಲಹೆ ಎರಡನ್ನೂ ಒಟ್ಟಿಗೆ ಬಳಸಿ, ಹುಲ್ಲಿನ ಮೇಲೆ ಕೂತು ಫೋನಲ್ಲಿ ಲೈವ್ ತೆಗೀರಿ, ಗೂಡಲ್ಲಿರೋದು ಹೆಣ್ಣು ಅಂತ ಗೊತ್ತಾದ್ರೆ ನೀವು ಹುಡುಕ್ಬೇಕಾಗಿರೋದು ಗಂಡನ್ನ, ಅದು ಅಂಚಲ್ಲೂ ಇಲ್ಲ ಅಂದ್ರೆ ಬೇಟೆಗೆ ಹೋಗಿದೆ, ಪಶ್ಚಿಮಕ್ಕೆ ಕಣ್ಣಿಟ್ಟಿರಿ. ಲೈವ್ ಸ್ವಲ್ಪ ತಡವಾಗಿ ಬರುತ್ತೆ ಅನ್ನೋದು ನೆನಪಿರ್ಲಿ.

ಈ ಗೋಪುರದ ಕಥೆ ಸ್ವಲ್ಪ ಗೊತ್ತಿದ್ರೆ ನೋಡೋದಕ್ಕೆ ಇನ್ನೊಂದು ಅರ್ಥ ಬರುತ್ತೆ. ಆನಿ ಅಂತ ಹೆಣ್ಣು, ಗ್ರಿನೆಲ್ ಅಂತ ಗಂಡು 2017ರಲ್ಲಿ ಮೊದಲ ಸಲ ಇಲ್ಲಿ ಮರಿ ಮಾಡಿದ್ದು. ಹೆಸರು ಬಂದಿದ್ದು ಅದೇ ಯೂನಿವರ್ಸಿಟಿಯ ಪ್ರಾಣಿ ಮ್ಯೂಸಿಯಂ ಶುರು ಮಾಡಿದ ಆನಿ ಅಲೆಕ್ಸಾಂಡರ್ ಮತ್ತೆ ಅದರ ಮೊದಲ ನಿರ್ದೇಶಕ ಜೋಸೆಫ್ ಗ್ರಿನೆಲ್ ಅವರಿಂದ. 2021ರ ಅಕ್ಟೋಬರಲ್ಲಿ ಬೇರೆ ಫಾಲ್ಕನ್‌ಗಳ ಜೊತೆ ಜಗಳ ಆಗಿ ಗ್ರಿನೆಲ್ ಗಾಯಗೊಂಡು ನೆಲಕ್ಕೆ ಬಿದ್ದ, ವಾಲ್ನಟ್ ಕ್ರೀಕಿನ ಲಿಂಡ್ಸೆ ವನ್ಯಜೀವಿ ಆಸ್ಪತ್ರೆಯಲ್ಲಿ ಗುಣ ಮಾಡಿ ನವೆಂಬರಲ್ಲಿ ಬಿಟ್ರು, ವಾಪಸ್ ಬಂದು ಗೋಪುರ ಉಳಿಸ್ಕೊಂಡ. 2022ರ ಫೆಬ್ರವರಿಯಲ್ಲಿ ಆನಿ ಕೆಲವು ದಿನ ಕಾಣದೇ ಹೋದಳು, ಸತ್ತಳು ಅಂತಲೇ ನೋಡೋರು ದುಃಖಪಟ್ರು, ಆಮೇಲೆ ತಾನಾಗೇ ವಾಪಸ್ ಬಂದಳು. ಅದಾಗಿ ಒಂದು ತಿಂಗಳು, ಗೂಡಲ್ಲಿ ಮೊಟ್ಟೆ ಇದೆ, ಮಾರ್ಚ್ 31ರಂದು ಗ್ರಿನೆಲ್ ಬರ್ಕ್ಲಿ ಪೇಟೆಯಲ್ಲಿ ಸತ್ತು ಸಿಕ್ಕಿದ, ಕಾರಿಗೆ ಬಡಿದಿರಬೇಕು ಅಂತ ಲೆಕ್ಕ. ಒಬ್ಬಳೇ ಕಾವು ಕೂತು ಬೇಟೆನೂ ಆಡೋಕಾಗಲ್ಲ, ಆ ವರ್ಷದ ಗೂಡು ಮುಗೀತು ಅಂತಲೇ ಎಲ್ಲರೂ ಅಂದ್ಕೊಂಡ್ರು. ಅಷ್ಟರಲ್ಲಿ ಕೆಲವೇ ಗಂಟೆಗಳಲ್ಲಿ ಹೊಸ ಗಂಡೊಂದು ಬಂತು, ಆಲ್ಡೆನ್ ಅಂತ ಹೆಸರಿಟ್ರು. ಅವನು ಆನಿಗೆ ಊಟ ತಂದ, ಇನ್ನೊಬ್ಬನ ಮೊಟ್ಟೆ ಮೇಲೆ ತಾನೂ ಕಾವು ಕೂತ, ಎರಡು ಮರಿ ಹೊರಗೆ ಬಂದು ಬೆಳೆದು ಹಾರಿದ್ವು. ಅದನ್ನ ತ್ಯಾಗ ಅಂತ ನಾನು ಹೇಳಲ್ಲ, ಒಳ್ಳೆ ಜಾಗ, ಒಳ್ಳೆ ಹೆಣ್ಣು ಹಿಡ್ಕೊಳ್ಳೋ ಹಕ್ಕಿಯ ಲೆಕ್ಕಾಚಾರ ಅದರಲ್ಲಿ ಇದ್ದೇ ಇರುತ್ತೆ, ಆದ್ರೆ ಬೇರೆ ಗಂಡಿನ ಮೊಟ್ಟೆಗೆ ಕಾವು ಕೊಡೋದು ಕ್ಯಾಮೆರಾ ಮುಂದೆ ಅಷ್ಟು ಸ್ಪಷ್ಟವಾಗಿ ಕಂಡಿದ್ದು ನಮ್ಮಂಥೋರಿಗೆ ಬಹಳ ದೊಡ್ಡ ಸಂಗತಿ. ಆಮೇಲಿನ ವರ್ಷಗಳಲ್ಲಿ ಗಂಡು ಮತ್ತೆ ಬದಲಾಯ್ತು, 2023ರಲ್ಲಿ ಲೂ ಅನ್ನೋನು ಬಂದ. ಪೆರೆಗ್ರಿನ್ ಜೀವನಪೂರ್ತಿ ಒಂದೇ ಜೋಡಿ ಅಂತ ಬರೀತಾರಲ್ಲ, ನನ್ನ ಪ್ರಕಾರ ಅವಕ್ಕೆ ಜಾಗದ ಮೇಲೆ ನಿಷ್ಠೆ ಹೆಚ್ಚು. ಹಾಗಾಗಿ ನೀವು ಹೋಗೋ ವರ್ಷ ಗೂಡಲ್ಲಿ ಯಾರಿದ್ದಾರೆ ಅಂತ ಕ್ಯಾಮೆರಾದಲ್ಲಿ ನೋಡ್ಕೊಂಡೇ ಹೋಗಿ.

ಈಗ ನಿಮ್ಮಮ್ಮನ ಪ್ರಶ್ನೆ, ಅದು ನ್ಯಾಯವಾದ ಪ್ರಶ್ನೆ. ಪಾರಿವಾಳನೂ ಜೀವನೇ. ಆದ್ರೆ ಅಮ್ಮನಿಗೆ ಡಿಡಿಟಿ ಅನ್ನೋ ಕೀಟನಾಶಕ ಗೊತ್ತಿರುತ್ತೆ, ಮಲೇರಿಯಾ ಬರಬಾರದು ಅಂತ ನಮ್ಮೂರ ಮನೆ ಗೋಡೆಗೆಲ್ಲ ಹೊಡೀತಿದ್ರಲ್ಲ ಅದೇ. ಅಮೆರಿಕ ಯುರೋಪಲ್ಲಿ ಅದನ್ನ ಎರಡನೇ ಮಹಾಯುದ್ಧದ ನಂತರ ಹೊಲಕ್ಕೆ ಕಾಡಿಗೆ ಲೆಕ್ಕವಿಲ್ಲದೆ ಸುರಿದ್ರು. ಹುಳ ತಿಂದ ಚಿಕ್ಕ ಹಕ್ಕಿ ಮೈಯಲ್ಲಿ ಸ್ವಲ್ಪ, ಅಂಥ ನೂರಾರು ಹಕ್ಕಿ ತಿಂದ ಫಾಲ್ಕನ್ ಮೈಯಲ್ಲಿ ರಾಶಿ ಸೇರ್ತು. ಹಕ್ಕಿ ಸಾಯಲಿಲ್ಲ, ಅದರ ಮೊಟ್ಟೆ ಸಿಪ್ಪೆಗೆ ಸುಣ್ಣದ ಅಂಶ ಸೇರೋದು ಕಮ್ಮಿಯಾಯ್ತು. ಕಾವಿಗೆ ಕೂತ ತಾಯಿಯ ಭಾರಕ್ಕೇ ಮೊಟ್ಟೆ ಒಡೀತಿತ್ತು. ಇದನ್ನ ಕಂಡುಹಿಡಿದಿದ್ದು ಹೇಗೆ ಗೊತ್ತಾ, ಬ್ರಿಟನ್ನಿನ ವಿಜ್ಞಾನಿ ಡೆರೆಕ್ ರಾಟ್‌ಕ್ಲಿಫ್ ಹಳೇ ಕಾಲದಲ್ಲಿ ಜನ ಹವ್ಯಾಸಕ್ಕೆ ಕೂಡಿಟ್ಟಿದ್ದ ಮೊಟ್ಟೆಗಳನ್ನೂ ಹೊಸ ಮೊಟ್ಟೆಗಳನ್ನೂ ತೂಗಿ ಅಳೆದು 1967ರಲ್ಲಿ ಸಿಪ್ಪೆ ತೆಳ್ಳಗಾಗಿರೋದನ್ನ ಪ್ರಕಟಿಸಿದ್ರು, ಆಮೇಲೆ ಅಮೆರಿಕದ ಮ್ಯೂಸಿಯಂ ಮೊಟ್ಟೆಗಳಲ್ಲೂ ಅದೇ ಕಂಡಿತು. ಬರ್ಕ್ಲಿ ಹಕ್ಕಿಗಳಿಗೆ ಮ್ಯೂಸಿಯಂನೋರ ಹೆಸರಿಟ್ಟಿದ್ದು ನನಗೆ ಅದಕ್ಕೇ ಬಹಳ ಸರಿ ಅನ್ಸುತ್ತೆ. 1960ರ ದಶಕದ ಮಧ್ಯಕ್ಕೆ ಅಮೆರಿಕದ ಪೂರ್ವ ಭಾಗದಲ್ಲಿ ಗೂಡು ಮಾಡೋ ಪೆರೆಗ್ರಿನ್ ಒಂದೂ ಉಳಿದಿರಲಿಲ್ಲ, 1970ರಲ್ಲಿ ಇಡೀ ಕ್ಯಾಲಿಫೋರ್ನಿಯಾದಲ್ಲಿ ಗೊತ್ತಿದ್ದಿದ್ದು ಎರಡೇ ಎರಡು ಜೋಡಿ.

1972ರಲ್ಲಿ ಅಮೆರಿಕ ಡಿಡಿಟಿ ನಿಲ್ಲಿಸ್ತು. ಅಷ್ಟಕ್ಕೇ ಹಕ್ಕಿ ತಾನಾಗಿ ವಾಪಸ್ ಬರಲಿಲ್ಲ. ಕಾರ್ನೆಲ್ ಯೂನಿವರ್ಸಿಟಿಯ ಪಕ್ಷಿ ವಿಜ್ಞಾನಿ ಟಾಮ್ ಕೇಡ್ ಮತ್ತೆ ಅವರ ಪೆರೆಗ್ರಿನ್ ಫಂಡ್ ಸಂಸ್ಥೆ ಸಾಕಿದ ಹಕ್ಕಿಗಳಿಂದ ಮರಿ ಮಾಡಿಸಿ ಬಿಟ್ರು, ಈ ಕಡೆ ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್‌ನ ತಂಡದೋರು ಹಗ್ಗ ಕಟ್ಕೊಂಡು ಬಂಡೆ ಇಳಿದು ತೆಳು ಸಿಪ್ಪೆಯ ಮೊಟ್ಟೆ ಎತ್ಕೊಂಡು ಗೂಡಲ್ಲಿ ಸುಳ್ಳು ಮೊಟ್ಟೆ ಇಟ್ಟು, ಇನ್‌ಕ್ಯುಬೇಟರಲ್ಲಿ ಮರಿ ಮಾಡಿಸಿ ವಾಪಸ್ ಅದೇ ತಾಯಿ ಮಡಿಲಿಗೆ ಇಟ್ಟು ಬರ್ತಿದ್ರು. 1999ರ ಆಗಸ್ಟಲ್ಲಿ ಅಮೆರಿಕದ ಅಳಿವಿನಂಚಿನ ಪಟ್ಟಿಯಿಂದ ಈ ಹಕ್ಕಿಯ ಹೆಸರು ತೆಗೆದ್ರು. ನಗರಕ್ಕೆ ಬಂದಿದ್ದಕ್ಕೂ ಕಾರಣ ಇದೆ, ಎತ್ತರದ ಕಟ್ಟಡ ಅವಕ್ಕೆ ಬಂಡೆನೇ, ಮರಿ ಎತ್ಕೊಂಡು ಹೋಗೋ ದೊಡ್ಡ ಗೂಬೆ, ಹದ್ದುಗಳ ಕಾಟ ಕಮ್ಮಿ, ಊಟಕ್ಕೆ ಪಾರಿವಾಳ ವರ್ಷಪೂರ್ತಿ. ಅಮ್ಮನಿಗೆ ಹೇಳಿ, ಉಪಚಾರ ಅಲ್ಲ ಇದು, ಮನುಷ್ಯರು ಕೆಡಿಸಿದ್ದನ್ನ ಮನುಷ್ಯರೇ ಕೂತು ಸರಿ ಮಾಡಿದ್ದು, ಒಂದೊಂದು ಮೊಟ್ಟೆ ಲೆಕ್ಕದಲ್ಲಿ.

ಮರಿ ಬಿದ್ರೆ ಏನು ಮಾಡೋದು. ಮೇ ಕೊನೆಗೆ ಗೋಪುರದ ಕಟ್ಟೆ ಮೇಲೆ ಕಂದು ಮರಿಗಳು ನಿಂತು ಗಾಳಿಗೆ ರೆಕ್ಕೆ ಬಡೀತಾ ಇರ್ತಾವೆ. ಗಂಡು ಮರಿಗಳು ಹಗುರ, ಕೆಲವು ದಿನ ಮೊದಲೇ ಹಾರ್ತಾವೆ. ಮೊದಲ ಹಾರಾಟ ಹೆಚ್ಚಾಗಿ ಚೆನ್ನಾಗೇ ಇರುತ್ತೆ, ಕಷ್ಟ ಬರೋದು ಇಳಿಯೋದ್ರಲ್ಲಿ, ಯಾವ ಕಟ್ಟಡದ ಗೋಡೆಗೋ ಗಾಜಿಗೋ ಬಡೀತಾವೆ. 2017ರ ಮೊದಲ ಸಂಸಾರದ ಎರಡು ಮರಿಗಳಲ್ಲಿ ಲಕ್ಸ್ ಅನ್ನೋದು ಹಾಗೇ ಕ್ಯಾಂಪಸ್ಸಿನ ಕಟ್ಟಡಕ್ಕೆ ಬಡಿದು ಸತ್ತುಹೋಯ್ತು. ಆವಾಗಿಂದ ಮರಿ ಹಾರೋ ದಿನಗಳಲ್ಲಿ ಸ್ವಯಂಸೇವಕರು ಕೆಳಗೆ ಕಾವಲು ಇರ್ತಾರೆ, ನೀವು ಆ ವಾರ ಹೋದ್ರೆ ಅವರ ಜೊತೆ ನಿಲ್ಲಿ, ಒಂದೇ ದಿನದಲ್ಲಿ ಕಲಿಯೋದು ಬಹಳ ಇರುತ್ತೆ. ಮರಿ ತಗ್ಗು ಗೋಡೆ ಮೇಲೋ ಪೊದೆ ಮೇಲೋ ಕಣ್ಣು ಬಿಟ್ಕೊಂಡು ನೆಟ್ಟಗೆ ಕೂತಿದ್ರೆ ಅದು ಸುಧಾರಿಸ್ಕೊಳ್ತಿದೆ ಅಷ್ಟೇ, ತಾಯಿ ತಂದೆ ಮೇಲಿಂದ ನೋಡ್ತಿರ್ತಾವೆ, ದೂರ ನಿಂತು ನಾಯಿ ಹಿಡ್ಕೊಂಡು ಬರೋರನ್ನ ಬೇರೆ ದಾರಿಗೆ ಕಳ್ಸಿ. ರಸ್ತೆ ಮಧ್ಯ ಇದ್ರೆ, ರೆಕ್ಕೆ ಜೋತುಬಿದ್ದಿದ್ರೆ, ರಕ್ತ ಕಂಡ್ರೆ ಕ್ಯಾಂಪಸ್ ಪೊಲೀಸರಿಗೆ ಇಲ್ಲಾ ಲಿಂಡ್ಸೆ ಆಸ್ಪತ್ರೆಗೆ ತಕ್ಷಣ ಫೋನ್ ಮಾಡಿ, ಅವರು ಹೇಳಿದ್ರೆ ಮಾತ್ರ ಟವೆಲ್ ಮುಚ್ಚಿ ರಟ್ಟಿನ ಡಬ್ಬದಲ್ಲಿ ಕತ್ತಲಲ್ಲಿ ಇಡಿ. ನೀರು ಕುಡಿಸೋದು, ಮಾಂಸ ತಿನ್ನಿಸೋದು, ಸೆಲ್ಫಿ ತೆಗೆಯೋದು ಯಾವುದೂ ಬೇಡ. ಬರಿಗೈಯಲ್ಲಿ ಮುಟ್ಬೇಡಿ, ಆ ಉಗುರು ಮಕ್ಕಳ ಅಂಗೈ ತೂರಿ ಬರುತ್ತೆ. ಡ್ರೋನ್ ಅಂತೂ ತರಲೇಬೇಡಿ, ಗೂಡಲ್ಲಿರೋ ಹಕ್ಕಿ ಅದರ ಮೇಲೆ ಬಿದ್ದು ತನ್ನ ರೆಕ್ಕೆ ಮುರ್ಕೊಳುತ್ತೆ.

ಹಾರಿದ ಮೇಲಿನ ಜೂನ್ ತಿಂಗಳು ನನಗೆ ಅತಿ ಇಷ್ಟದ್ದು. ಮರಿಗಳು ಕಿರುಚ್ತಾ ಅಪ್ಪ ಅಮ್ಮನ್ನ ಅಟ್ಟಿಸ್ಕೊಂಡು ಹೋಗ್ತಾವೆ, ದೊಡ್ಡವು ಬೇಟೆನ ಕಾಲಲ್ಲಿ ಹಿಡ್ಕೊಂಡು ಬೇಕಂತಲೇ ಮುಂದೆ ಮುಂದೆ ಹಾರಿ ಕೊನೆಗೆ ಬಿಟ್ಟುಬಿಡ್ತಾವೆ, ಮರಿ ಧುಮುಕಿ ಹಿಡೀಬೇಕು, ತಪ್ಪಿದ್ರೆ ದೊಡ್ಡದೇ ಕೆಳಗೆ ಹೋಗಿ ಹಿಡ್ಕೊಂಡು ಬಂದು ಮತ್ತೆ ಬಿಡುತ್ತೆ. ಕೆಲವು ವಾರದಲ್ಲಿ ಮರಿಗಳು ಚದುರಿಹೋಗ್ತಾವೆ. ಮೊದಲ ವರ್ಷ ದಾಟೋದು ಅರ್ಧಕ್ಕಿಂತ ಕಮ್ಮಿ. ದಾಟಿದೋರಲ್ಲಿ ಕೆಲವರು ಹತ್ತಿರದಲ್ಲೇ ನೆಲೆ ನಿಂತಿದ್ದಾರೆ: 2018ರಲ್ಲಿ ಇಲ್ಲಿ ಹುಟ್ಟಿದ ಲಾರೆನ್ಸಿಯಂ ಹಳೇ ಜೈಲಿರೋ ಆಲ್ಕಟ್ರಾಜ್ ದ್ವೀಪದಲ್ಲಿ ಗೂಡು ಮಾಡಿದಳು, 2020ರ ಸೀಕೋಯ ಸಾನ್ ಹೊಸೆ ಊರಿನ ಸಿಟಿ ಹಾಲ್ ಕಟ್ಟಡದ ಗೂಡಿಗೆ ಗಂಡಾದ. ಮರಿ ಮೂರು ವಾರದ್ದಿದ್ದಾಗ ಕಾಲಿಗೆ ಹಾಕೋ ಬಳೆಯ ನಂಬರಿಂದ ಇದೆಲ್ಲ ಗೊತ್ತಾಗೋದು, ಹಾಗಾಗಿ ಕಾಲಿನ ಫೋಟೋ ಸಿಕ್ಕಿದ್ರೆ ಅದಕ್ಕೆ ಬೆಲೆ ಇದೆ. ಸನಿವೇಲ್, ಮಿಲ್ಪಿಟಾಸ್, ಫ್ರೀಮಾಂಟ್ ಕಡೆ ಇರೋ ನಿಮ್ಮ ಕನ್ನಡದ ಸ್ನೇಹಿತರಿಗೆ ಬರ್ಕ್ಲಿ ದೂರ ಆದ್ರೆ ಆ ಸಿಟಿ ಹಾಲ್‌ಗೆ ಹೋಗೋಕೆ ಹೇಳಿ, ಅಲ್ಲೂ ಗೂಡಿನ ಪೆಟ್ಟಿಗೆ, ಕ್ಯಾಮೆರಾ ಎರಡೂ ಇವೆ, ರಸ್ತೆ ಆಚೆ ಬದಿಯಿಂದ ನೋಡಿದ್ರೆ ಚೆನ್ನಾಗಿ ಕಾಣುತ್ತೆ.

ಬೆಂಗಳೂರು ಕಡೆ ಇದಾವೆ, ಎರಡು ಬಗೆ. ಒಂದು ಚಳಿಗಾಲಕ್ಕೆ ಉತ್ತರದ ಧ್ರುವ ಪ್ರದೇಶದ ಕಡೆಯಿಂದ ಬಂದು ಕೆರೆ, ಕಡಲ ತೀರ, ಎತ್ತರದ ಟವರ್‌ಗಳ ಮೇಲೆ ಕೂತು ಮಾರ್ಚ್ ಹೊತ್ತಿಗೆ ವಾಪಸ್ ಹೋಗೋದು, ಅದು ನಮ್ಮಲ್ಲಿ ಗೂಡು ಮಾಡಲ್ಲ. ಇನ್ನೊಂದು ನಮ್ಮದೇ ಶಾಹೀನ್, ಪೆರೆಗ್ರಿನ್‌ನ ದಕ್ಷಿಣ ಏಷ್ಯಾದ ಉಪಜಾತಿ, ತಲೆ ಕಡುಗಪ್ಪು, ಹೊಟ್ಟೆ ಕೆಂಪು ಕಂದು, ವರ್ಷಪೂರ್ತಿ ಇಲ್ಲೇ ಇದ್ದು ಕಡಿದಾದ ಬಂಡೆಗಳ ಮೇಲೆ, ಘಟ್ಟದ ಗೋಡೆಗಳ ಮೇಲೆ ಗೂಡು ಮಾಡುತ್ತೆ. ಅಮ್ಮ ವಾಪಸ್ ಹೋದ ಮೇಲೆ ಮನೆ ಮೇಲೆ ಸುತ್ತೋ ಕಪ್ಪು ಹದ್ದನ್ನ ನೋಡಿ ಫಾಲ್ಕನ್ ಅಂದ್ಕೊಳ್ಳೋ ಸಾಧ್ಯತೆ ಇದೆ, ಬಾಲ ಕವಲಾಗಿದ್ರೆ ಅದು ಹದ್ದು ಅಂತ ಹೇಳ್ಕೊಡಿ. ಶಾಹೀನ್‌ಗೆ ಕ್ಯಾಮೆರಾ ಇಲ್ಲ, ಕಾವಲು ನಿಲ್ಲೋ ಸ್ವಯಂಸೇವಕರಿಲ್ಲ, ಅದರ ಬಂಡೆ ಮೇಲೇ ಕಲ್ಲುಗಣಿ ನಡಿಯುತ್ತೆ, ವೀಕೆಂಡಲ್ಲಿ ಹಗ್ಗ ಹಿಡ್ಕೊಂಡು ಹತ್ತೋರು ಬರ್ತಾರೆ. ನಿಮ್ಮ ಪರಿಚಯದಲ್ಲಿ ಬೆಂಗಳೂರಿನ ರಾಕ್ ಕ್ಲೈಂಬಿಂಗ್ ಗುಂಪಿನೋರು ಯಾರಾದ್ರೂ ಇದ್ರೆ ಒಂದು ಮಾತು ಹೇಳಿ: ಜನವರಿಯಿಂದ ಏಪ್ರಿಲ್ ತನಕ ಯಾವುದಾದ್ರೂ ಬಂಡೆ ಮುಖದಲ್ಲಿ ಚೂಪು ರೆಕ್ಕೆಯ ಹಕ್ಕಿ ಕೂಗ್ತಾ ತಲೆ ಮೇಲೆ ಎರಗಿ ಬಂದ್ರೆ ಗೂಡು ಅಲ್ಲೇ ಇದೆ ಅಂತ ಅರ್ಥ, ಆ ಸೀಸನ್ ಮುಗಿಯೋ ತನಕ ಆ ಮುಖ ಬಿಟ್ಟು ಬೇರೆ ಕಡೆ ಹತ್ತಲಿ, ಜಾಗದ ವಿವರ ಸೋಶಿಯಲ್ ಮೀಡಿಯಾದಲ್ಲಿ ಹಾಕ್ದೆ ಅರಣ್ಯ ಇಲಾಖೆಗೆ ತಿಳಿಸ್ಲಿ.